ಪ್ರೀತಿಯ ಫ್ಯಾಂಟಸಿ ಲೇಖಕ ಸಾಕಾಗಿ ಹೋದರೆ ಏನು ಮಾಡುವುದು

“ಅಕ್ಕಾ, ಇವ ಈಗ ಮೊದಲಿನ ಹಾಗೆ ಬರೆಯುವುದಿಲ್ಲ. ಎಲ್ಲ ಒಂದೇ ನಮೂನೆ.”

ಗ್ರಂಥಾಲಯದ ಮೇಜಿನ ಮೇಲೆ ಪುಸ್ತಕ ಇಟ್ಟು ಯಾರಾದರೂ ಹೀಗೆ ಹೇಳಿದರೆ ನಾನು ಮೊದಲು ಒಳಪುಟ ಮಗುಚಿ ಅದು ಯಾವ ವರ್ಷದ್ದು ಅಂತ ನೋಡುತ್ತೇನೆ. ಹೋದ ಮಳೆಗಾಲದಲ್ಲಿ ಹೀಗೆ ಹೇಳಿದವನು ಕುಂಬಳೆಯಿಂದ ರೈಲು ಹತ್ತಿ ಮಂಗಳೂರಿಗೆ ಕಾಲೇಜಿಗೆ ಹೋಗುವ ಹುಡುಗ. ಅವನ ಕೈಯಲ್ಲಿದ್ದದ್ದು ಇಂಗ್ಲೆಂಡಿನ ಫ್ಯಾಂಟಸಿ ಲೇಖಕ ಟೆರಿ ಪ್ರ್ಯಾಚೆಟ್ ಬರೆದ ‘ಮೆನ್ ಅಟ್ ಆರ್ಮ್ಸ್’. ಅದು 1993ರದ್ದು. ಅವನು ಮೊದಲು ಓದಿ ಹುಚ್ಚು ಹಿಡಿಸಿಕೊಂಡದ್ದು ಅದೇ ಲೇಖಕನ ‘ನೈಟ್ ವಾಚ್’. ಅದು 2002ರದ್ದು. ಇವನು ‘ಮೊದಲಿನ ಹಾಗೆ’ ಅನ್ನುವ ಪುಸ್ತಕ ಬಂದದ್ದು ಒಂಬತ್ತು ವರ್ಷ ಕಳೆದ ಮೇಲೆ! ಎರಡೂ ವರ್ಷ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಅವನೇ ನಕ್ಕ.

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರದ ಒಂದು ಸಣ್ಣ ಗ್ರಂಥಾಲಯದಲ್ಲಿ ಸಂಜೆ ಹೊತ್ತು ಪುಸ್ತಕ ಕೊಡುವವಳು ನಾನು. ನಮ್ಮಲ್ಲಿ ಮಲಯಾಳಂ ಕಪಾಟುಗಳು ಜಾಸ್ತಿ, ಕನ್ನಡಕ್ಕೆ ಬೇರೆ ಕಪಾಟುಗಳು ಉಂಟು, ಇಂಗ್ಲಿಷಿಗೆ ಕಿಟಕಿಯ ಪಕ್ಕ ಒಂದು ರ‍್ಯಾಕ್. ಆ ರ‍್ಯಾಕಿನ ಫ್ಯಾಂಟಸಿ ಪುಸ್ತಕಗಳೆಲ್ಲ ಹೆಚ್ಚು ಕಡಿಮೆ ಒಂದೇ ಪೆಟ್ಟಿಗೆಯಲ್ಲಿ ಬಂದದ್ದು. ದುಬೈ ಕೆಲಸ ಬಿಟ್ಟು ಊರಿಗೆ ಬಂದವರೊಬ್ಬರು ಕೊಟ್ಟರು. ಒಬ್ಬನೇ ಲೇಖಕನ ಹತ್ತಿಪ್ಪತ್ತು ಪುಸ್ತಕ ಸಾಲಾಗಿ ನಿಂತಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತಾದದ್ದು ಅದರ ನಂತರ. ಜೂನ್ ಮಳೆ ಹಿಡಿದು ಕರೆಂಟು ಹೋಗಿ ಬಂದು ಮಾಡಲು ಶುರುವಾಯಿತು ಅಂದರೆ ಹುಡುಗರು ವಾರಕ್ಕೆ ಮೂರು ಒಯ್ಯುತ್ತಾರೆ. ಆಗಸ್ಟ್ ಹೊತ್ತಿಗೆ ಅದೇ ಲೇಖಕನನ್ನು ಬಯ್ಯುತ್ತಾ ಬರುತ್ತಾರೆ.

ರಿಜಿಸ್ಟರ್ ನೋಡಿದರೆ ಇದು ಮೊದಲೇ ಕಾಣುತ್ತದೆ. ಒಂದೇ ಲೇಖಕನ ಹೆಸರು ಕೆಳಗೆ ಕೆಳಗೆ. ತಾರೀಕುಗಳು ಹತ್ತಿರ ಹತ್ತಿರ ಬರುತ್ತವೆ. ಆಮೇಲೆ ಒಂದು ಪುಸ್ತಕ ತಿಂಗಳಾದರೂ ವಾಪಸು ಬರುವುದಿಲ್ಲ. ಅರ್ಧ ಓದಿ ತಲೆದಿಂಬಿನ ಪಕ್ಕ ಬಿದ್ದಿರುತ್ತದೆ. ನೀವು ಈಗ ಆ ಹಂತದಲ್ಲಿದ್ದರೆ ಮುಂದೆ ಓದಿ. ಬರಿಯ ‘ಫ್ಯಾಂಟಸಿ ನನಗೆ ಹಿಡಿಸುವುದಿಲ್ಲ’ ಅನ್ನುವವರಿಗೆ ನನ್ನಲ್ಲಿ ಮದ್ದಿಲ್ಲ.

ಬೇಸರ ಎಲ್ಲಿ ಅಂತ ಮೊದಲು ಹಿಡಿಯಿರಿ

‘ಬೋರು’ ಅಂದರೆ ಸಾಕಾಗುವುದಿಲ್ಲ. ಎಂತ ಬೋರು ಅಂತ ಹೇಳಬೇಕು. ಅದಕ್ಕೆ ಒಂದು ಚೀಟಿ ಸಾಕು. ಹಳೇ ಲಗ್ನಪತ್ರಿಕೆಯ ಹಿಂಬದಿಯಾದರೂ ಆದೀತು. ಅದನ್ನು ಪುಸ್ತಕದೊಳಗೆ ಇಟ್ಟುಕೊಳ್ಳಿ. ಓದುವಾಗ ‘ಅಯ್ಯೋ, ಮತ್ತೆ ಶುರುವಾಯ್ತಾ’ ಅನಿಸಿದ ಕಡೆ ಪುಟದ ನಂಬರ್ ಹಾಕಿ ಎರಡು ಶಬ್ದ ಬರೆಯಿರಿ. ಪುಸ್ತಕದ ಮೇಲೆ ಬರೆಯಬೇಡಿ, ಅದನ್ನು ಅಳಿಸುವವಳು ನಾನು. ಐವತ್ತು ಪುಟ ಹೀಗೆ ಓದಿ ಚೀಟಿ ನೋಡಿ.

ಚೀಟಿಯ ತುಂಬ ವಾಕ್ಯದ ಮೇಲಿನ ತಕರಾರೇ ಇದ್ದರೆ, ಅಂದರೆ ‘ಮತ್ತೆ ಅಡಿಟಿಪ್ಪಣಿ’, ‘ಈ ಜೋಕು ಎಲ್ಲಿಗೆ ಹೋಗ್ತದೆ ಅಂತ ಗೊತ್ತಾಯ್ತು’, ‘ಮತ್ತೆ ಜಡೆ ಎಳೆದಳು’ ಅಂತೆಲ್ಲ ಇದ್ದರೆ, ನಿಮಗೆ ಲೇಖಕನ ಕೈ ಕಾಣಲು ಶುರುವಾಗಿದೆ ಅಂತ ಲೆಕ್ಕ. ಕಥೆ ಮುಂದಕ್ಕೆ ಹೋಗುತ್ತಿದ್ದರೂ ನಿಮ್ಮ ಕಣ್ಣು ಆ ಕೈ ಮೇಲೆಯೇ ಇರುತ್ತದೆ. ಇದು ತುಂಬ ಓದಿದವರಿಗೆ ಮಾತ್ರ ಬರುವ ಕಾಯಿಲೆ. ಸ್ವಲ್ಪ ಬಿಟ್ಟರೆ ವಾಸಿಯಾಗುತ್ತದೆ.

ಕಥೆಯ ಮೇಲೆ ತಕರಾರು ಇದ್ದರೆ ವಿಷಯ ಬೇರೆ. ‘ಹಳ್ಳಿ ಹುಡುಗ, ಮುದುಕ ಮಂತ್ರವಾದಿ, ದೂರದ ಪ್ರಯಾಣ, ಕೊನೆಗೆ ಕತ್ತಲೆಯ ರಾಜ’ ಅಂತ ಬರೆದಿದ್ದೀರಾ? ಅದು ಆ ಒಬ್ಬ ಲೇಖಕನ ದೋಷ ಅಲ್ಲ, ಆ ಇಡೀ ಬಗೆಯ ಪುಸ್ತಕಗಳ ಅಭ್ಯಾಸ. ಅದೇ ಬಗೆಯ ಇನ್ನೊಬ್ಬನನ್ನು ಹಿಡಿದರೆ ಬೇಸರ ದುಪ್ಪಟ್ಟಾಗುತ್ತದೆ. ಇದಕ್ಕೆ ಡಯಾನಾ ವಿನ್ ಜೋನ್ಸ್ 1996ರಲ್ಲಿ ಬರೆದ ‘ದಿ ಟಫ್ ಗೈಡ್ ಟು ಫ್ಯಾಂಟಸಿಲ್ಯಾಂಡ್’ ಒಳ್ಳೆಯದು. ಪ್ರವಾಸಿಗಳಿಗೆ ಕೊಡುವ ಗೈಡಿನ ವೇಷದಲ್ಲಿ ಇಂಥ ಎಲ್ಲ ಅಭ್ಯಾಸಗಳನ್ನೂ ಅಕಾರಾದಿಯಾಗಿ ಗೇಲಿ ಮಾಡುವ ಪುಸ್ತಕ. ಆ ನಾಡಿನಲ್ಲಿ ಎಲ್ಲಿ ಹೋದರೂ ಊಟಕ್ಕೆ ಸ್ಟ್ಯೂ ಒಂದೇ ಅಂತ ಅವರು ಬರೆದದ್ದು ಓದಿ ನಾನು ಒಬ್ಬಳೇ ನಕ್ಕಿದ್ದೆ. ಜೋನ್ಸ್ ಸ್ವತಃ ಫ್ಯಾಂಟಸಿ ಬರೆದವರು. ಹಾಗಾಗಿ ಗೇಲಿಯಲ್ಲಿ ವಿಷ ಇಲ್ಲ.

ಇನ್ನು, ಚೀಟಿ ಖಾಲಿ ಇದ್ದು ನೀವು ನಿದ್ದೆ ಹೋಗಿದ್ದರೆ? ಸುಮ್ನೆ ಮಲಗಿ. ಪರೀಕ್ಷೆ ಹತ್ತಿರ ಇರುವವರು, ಅಡಿಕೆ ತೋಟಕ್ಕೆ ಮದ್ದು ಬಿಡುವ ದಿನ ಇಡೀ ಹಂಡೆ, ಪೈಪು ಅಂತ ಓಡಾಡಿದವರು ರಾತ್ರಿ ಎಂಟುನೂರು ಪುಟದ ಪುಸ್ತಕ ಹಿಡಿದು ‘ಲೇಖಕ ಸರಿ ಇಲ್ಲ’ ಅನ್ನುವುದು ನ್ಯಾಯವಲ್ಲ.

ಆ ಕಾಲೇಜು ಹುಡುಗನ ಚೀಟಿಯಲ್ಲಿ ಒಂದು ಸಾಲು ಹೀಗಿತ್ತು: ‘ಮತ್ತೆ ಬೂಟು!’ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದಣಿದ ಕಣ್ಣು ಏನನ್ನು ದಾಟಿ ಹೋಗುತ್ತದೆ ಅಂತ ಇದರಲ್ಲಿ ಗೊತ್ತಾಗುತ್ತದೆ. ‘ಮೆನ್ ಅಟ್ ಆರ್ಮ್ಸ್’ನಲ್ಲಿ ನಗರದ ಕಾವಲು ಪಡೆಯ ಕ್ಯಾಪ್ಟನ್ ವೈಮ್ಸ್ ಬೂಟಿನ ಲೆಕ್ಕ ಹಾಕುವ ಜಾಗ ಒಂದುಂಟು. ಒಳ್ಳೆಯ ಬೂಟಿಗೆ 50 ಡಾಲರ್, ಹತ್ತು ವರ್ಷ ಬಾಳುತ್ತದೆ. ಸಾಧಾರಣದ್ದಕ್ಕೆ 10 ಡಾಲರ್, ಒಂದೆರಡು ಸೀಸನ್ ಕಳೆದರೆ ಅಡಿ ಸವೆದು ನೀರು ಒಳಗೆ. 50 ಡಾಲರ್ ಒಟ್ಟಿಗೆ ಕೊಡಲು ಬಡವನಲ್ಲಿ ಇರುವುದಿಲ್ಲ. ಹಾಗಾಗಿ ಹತ್ತು ವರ್ಷದಲ್ಲಿ ಅವನು 100 ಡಾಲರ್ ಖರ್ಚು ಮಾಡಿರುತ್ತಾನೆ, ಆದರೂ ಕಾಲು ಒದ್ದೆ. ಬಡವನಾಗಿರುವುದೇ ದುಬಾರಿ ಅಂತ ತಾತ್ಪರ್ಯ. ಮಳೆಗಾಲದಲ್ಲಿ ಅಗ್ಗದ ಚಪ್ಪಲಿ ಹಾಕಿ ಪೇಟೆಗೆ ಹೋಗಿ ಬರುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಅಲ್ವಾ? 2022ರಲ್ಲಿ ಬ್ರಿಟನ್ನಿನಲ್ಲಿ ಜ್ಯಾಕ್ ಮನ್ರೋ ಎಂಬ ಬರಹಗಾರರು ಅಗ್ಗದ ದಿನಸಿಯ ಬೆಲೆ ಹೇಗೆ ಏರುತ್ತಿದೆ ಅಂತ ಲೆಕ್ಕ ಇಡಲು ಹೊರಟಾಗ, ಆ ಲೆಕ್ಕಕ್ಕೆ ವೈಮ್ಸ್‌ನ ಬೂಟಿನ ಹೆಸರನ್ನೇ ಇಟ್ಟರು.

ನಮ್ಮ ಹುಡುಗ ಆ ಪುಟವನ್ನು ‘ಮತ್ತೆ ಬೂಟು’ ಅಂತ ಬರೆದು ದಾಟಿದ್ದ. ಯಾಕೆ? ‘ನೈಟ್ ವಾಚ್’ನಲ್ಲಿ ವೈಮ್ಸ್ ಕತ್ತಲಲ್ಲೂ ತೆಳು ಅಡಿಯ ಬೂಟಿನಿಂದ ಕಲ್ಲು ಮುಟ್ಟಿ ತಾನು ಯಾವ ಬೀದಿಯಲ್ಲಿದ್ದೇನೆ ಅಂತ ಹೇಳುತ್ತಾನೆ. ಅದನ್ನು ಇವನು ಮೊದಲೇ ಓದಿ ಖುಷಿಪಟ್ಟಿದ್ದ. ಅದರ ಬೇರು ಹಿಂದಿನ ಪುಸ್ತಕಗಳಲ್ಲಿತ್ತು. ಹಿಂದುಮುಂದಾಗಿ, ಅದೂ ಉಸಿರು ಬಿಡದೆ ಓದಿದ್ದರಿಂದ ಬೇರು ಇವನಿಗೆ ಪುನರಾವರ್ತನೆಯಾಗಿ ಕಂಡಿತು.

ಒಳಪುಟದ ವರ್ಷ ನೋಡಿ ಓದಿ

ಪ್ರ್ಯಾಚೆಟ್‌ನ ಈ ಕಥೆಗಳೆಲ್ಲ ನಡೆಯುವುದು ಡಿಸ್ಕ್‌ವರ್ಲ್ಡ್‌ನಲ್ಲಿ, ಅಂದರೆ ಆಮೆಯ ಬೆನ್ನ ಮೇಲೆ ನಾಲ್ಕು ಆನೆ, ಅವುಗಳ ಮೇಲೆ ತಟ್ಟೆಯಂಥ ಲೋಕ. ನಮ್ಮಲ್ಲಿ ಹಿರಿಯರಿಗೆ ಇದು ಎಲ್ಲೋ ಕೇಳಿದ ಹಾಗೆ ಇರುತ್ತದೆ, ಪುರಾಣದ ಅಭ್ಯಾಸ ಇರುವುದರಿಂದ. ಈ ಲೋಕದ ಕಾದಂಬರಿಗಳು ಒಟ್ಟು 41. ಮೊದಲನೆಯದು 1983ರಲ್ಲಿ, ಕೊನೆಯದು 2015ರಲ್ಲಿ. 32 ವರ್ಷ ಆಯ್ತು. ಪ್ರ್ಯಾಚೆಟ್ ತುಂಬ ವೇಗವಾಗಿ ಬರೆಯುತ್ತಿದ್ದ ಕಾಲದಲ್ಲಿಯೂ ವರ್ಷಕ್ಕೆ ಎರಡು ಬರುತ್ತಿತ್ತು ಅಷ್ಟೆ. 1989ರಲ್ಲಿ ಎರಡು, 1991ರಲ್ಲಿ ಎರಡು. ಆಗಿನ ಓದುಗರು ಒಂದು ಮುಗಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಅಷ್ಟರಲ್ಲಿ ಹಳೇ ಜೋಕು ಮರೆತಿರುತ್ತದೆ, ಪಾತ್ರ ಮಾತ್ರ ನೆನಪಿರುತ್ತದೆ. ಲೇಖಕನೂ ಆ ಲೆಕ್ಕದಲ್ಲೇ ಬರೆದದ್ದು. ಮರೆತವರಿಗೆ ನೆನಪಿಸಲು ಒಂದು ಮಾತನ್ನು ಪ್ರತಿ ಪುಸ್ತಕದಲ್ಲೂ ಮತ್ತೆ ಹೇಳುತ್ತಾನೆ. ನಿನ್ನೆ ರಾತ್ರಿ ಹಿಂದಿನ ಪುಸ್ತಕ ಮುಗಿಸಿದವನಿಗೆ ಅದೇ ಮಾತು ತಲೆನೋವು.

ನಮ್ಮಲ್ಲಿ ಚಂದಮಾಮದ ಹಳೇ ಬೈಂಡು ವಾಲ್ಯೂಮುಗಳು ಉಂಟು. ಕನ್ನಡದಲ್ಲಿ ಅದು 1949ರಿಂದ ಬರುತ್ತಿತ್ತು. ಅದರ ಬೇತಾಳ ಕಥೆ ನೆನಪಿದೆಯಲ್ಲ? ರಾಜ ಮರದಿಂದ ಶವ ಇಳಿಸುತ್ತಾನೆ, ಹೆಗಲಿಗೆ ಹಾಕುತ್ತಾನೆ, ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ, ರಾಜ ಉತ್ತರ ಹೇಳುತ್ತಾನೆ, ಅದು ಹಾರಿ ಹೋಗಿ ಮತ್ತೆ ಮರ ಸೇರುತ್ತದೆ. ಸಂಸ್ಕೃತದ ಮೂಲದಲ್ಲಿ ಇರುವುದು 25 ಕಥೆ. ಚಂದಮಾಮದವರು ಅದೇ ಚೌಕಟ್ಟಿನಲ್ಲಿ ಹೊಸ ಹೊಸ ಕಥೆ ಹಾಕಿ ದಶಕಗಟ್ಟಲೆ ಎಳೆದರು. ತಿಂಗಳಿಗೊಂದು ಓದಿದ ನಮ್ಮ ತಾಯಂದಿರಿಗೆ ಯಾರಿಗೂ ಸಾಕಾಗಲಿಲ್ಲ. ಈಗ ಬೈಂಡು ವಾಲ್ಯೂಮ್ ಒಯ್ದ ಮಕ್ಕಳು ನಾಲ್ಕನೇ ಬೇತಾಳಕ್ಕೆ ಪುಟ ಹಾರಿಸುತ್ತಾರೆ. ಕಥೆ ಅದೇ, ತಿಂಗಳು ಮಾತ್ರ ಇಲ್ಲ.

ಹಾಗಂತ ವರ್ಷಕ್ಕೆರಡೇ ಓದಿ ಅಂತ ನಾನು ಹೇಳುವುದಿಲ್ಲ. ಅದು ಯಾರಿಂದಲೂ ಆಗದು. ಎರಡು ಪುಸ್ತಕಗಳ ನಡುವೆ ಎಷ್ಟು ವರ್ಷ ಅಂತರ ಇದೆಯೋ, ಕಡಿಮೆ ಎಂದರೆ ಅಷ್ಟು ವಾರ ಬಿಡಿ. ಅದೇ ವರ್ಷದ್ದಾದರೆ ಒಂದು ವಾರ. ಉರ್ಸುಲಾ ಲೆ ಗ್ವಿನ್ ಬರೆದ ಅರ್ತ್‌ಸೀ ಪುಸ್ತಕಗಳಲ್ಲಿ ಈ ಲೆಕ್ಕದ ರುಚಿ ಚೆನ್ನಾಗಿ ಗೊತ್ತಾಗುತ್ತದೆ. ಮೊದಲನೆಯದು 1968ರಲ್ಲಿ, ಮೂರನೆಯದು 1972ರಲ್ಲಿ. ನಾಲ್ಕನೆಯ ‘ಟೆಹಾನು’ ಬಂದದ್ದು 1990ರಲ್ಲಿ. 18 ವರ್ಷ! ಹಿಂದೆ ಹುಡುಗಿಯಾಗಿದ್ದ ಟೆನಾರ್ ಇದರಲ್ಲಿ ಗಂಡ ತೀರಿಹೋದ, ತೋಟ ನೋಡಿಕೊಳ್ಳುವ ಹೆಂಗಸು. ದೊಡ್ಡ ಮಂತ್ರವಾದಿ ಗೆಡ್ ಶಕ್ತಿ ಕಳೆದುಕೊಂಡು ಮನೆಗೆ ಬರುತ್ತಾನೆ. ಮೂರನೆಯದನ್ನು ಮುಗಿಸಿದ ರಾತ್ರಿಯೇ ಇದನ್ನು ತೆಗೆದವರು ‘ಇದೆಂತ, ಮಂತ್ರವೇ ಇಲ್ಲ, ಬರೀ ಮನೆಕೆಲಸ’ ಅಂತ ವಾಪಸು ತರುತ್ತಾರೆ. ನಡುವೆ ಸ್ವಲ್ಪ ಕಾಲ ಬಿಟ್ಟು ಓದಿದ ಒಬ್ಬರು ಟೀಚರ್ ಮಾತ್ರ ಆ ಪುಸ್ತಕ ಕೊಡಲು ಮನಸ್ಸಿಲ್ಲದೆ ಎರಡು ಸಲ ರಿನ್ಯೂ ಮಾಡಿಸಿದರು.

ನಿಲ್ಲಿಸುವುದು ಹೇಗೆ

ಅರ್ಧಕ್ಕೆ ನಿಲ್ಲಿಸಿ. ‘ಇದೊಂದು ಮುಗಿಸಿ ಬಿಡ್ತೇನೆ’ ಅನ್ನುವುದರಲ್ಲೇ ಬೇಸರ ಸಿಟ್ಟಾಗಿ ತಿರುಗುವುದು. ಪ್ರ್ಯಾಚೆಟ್ ವಿಷಯದಲ್ಲಿ ಒಂದು ಕಷ್ಟ ಇದೆ. ಅವನ ಡಿಸ್ಕ್‌ವರ್ಲ್ಡ್ ಕಾದಂಬರಿಗಳಲ್ಲಿ ಹೆಚ್ಚಿನವಕ್ಕೆ ಅಧ್ಯಾಯಗಳೇ ಇಲ್ಲ. ‘ಈ ಅಧ್ಯಾಯ ಮುಗಿಸಿ ದೀಪ ಆರಿಸುತ್ತೇನೆ’ ಅಂತ ಕೂತರೆ ಬೆಳಗಾಗುತ್ತದೆ. ದೃಶ್ಯ ಬದಲಾಗುವಲ್ಲಿ ಒಂದು ಖಾಲಿ ಸಾಲು ಇರುತ್ತದೆ, ಅಲ್ಲೇ ಚೀಟಿ ಇಡಿ. ಆ ಹುಡುಗನಿಗೆ ನಾನು ಹೇಳಿದ್ದು ರೈಲಿನಲ್ಲಿ ಮಾತ್ರ ಓದು ಅಂತ. ಕುಂಬಳೆಯಲ್ಲಿ ತೆರೆಯುವುದು, ಉಳ್ಳಾಲ ಬಂದಾಗ ಮುಚ್ಚುವುದು. ಮನೆಯಲ್ಲಿ ಅದನ್ನು ಬ್ಯಾಗಿನಿಂದ ತೆಗೆಯುವ ಹಾಗಿಲ್ಲ. ರೈಲು ನೇತ್ರಾವತಿ ಸೇತುವೆ ಮೇಲೆ ನಿಂತುಬಿಟ್ಟ ದಿನ ವಿನಾಯಿತಿ.

ಮೊಬೈಲಿನಲ್ಲಿ ಓದುವವರಿಗೆ ಇನ್ನೊಂದು ಕೆಲಸ ಇದೆ. ಕೊನೆಯ ಪುಟ ಮುಗಿದ ತಕ್ಷಣ ಓದುವ ಆ್ಯಪ್ ಅದೇ ಸರಣಿಯ ಮುಂದಿನದನ್ನು ಕಣ್ಣೆದುರು ತಂದು ನಿಲ್ಲಿಸುತ್ತದೆ. ಒತ್ತಿದರೆ ಮುಗಿಯಿತು. ಹಾಗಾಗಿ ಕೊನೆಯ ಪುಟ ಓದುವ ಮೊದಲು ಇಂಟರ್ನೆಟ್ ಆಫ್ ಮಾಡಿ. ಹತ್ತು ಪುಸ್ತಕ ಒಟ್ಟಿಗೆ ಸಿಗುವ ಸೆಟ್ಟನ್ನು ಕಡಿಮೆ ಬೆಲೆ ಅಂತ ಕೊಳ್ಳಬೇಡಿ. ದುಡ್ಡು ಉಳಿಯುತ್ತದೆ, ಲೇಖಕ ಹೋಗುತ್ತಾನೆ.

ನಡುವೆ ಏನು ಓದುವುದು

ನಮ್ಮಲ್ಲಿ ಒಂದು ಸಲಕ್ಕೆ ಎರಡು ಪುಸ್ತಕ. ಒಂದು ನಿಮ್ಮ ಲೇಖಕನದ್ದು ಆದರೆ ಇನ್ನೊಂದು ಬೇರೆ ಭಾಷೆಯ ಕಪಾಟಿನದ್ದು ಅಂತ ನನ್ನದೇ ಒಂದು ನಿಯಮ. ಗ್ರಂಥಾಲಯದ ನಿಯಮ ಅಲ್ಲ, ಯಾರಾದರೂ ಜಗಳ ಮಾಡಿದರೆ ಬಿಟ್ಟುಕೊಡುತ್ತೇನೆ. ಕಾಸರಗೋಡಿನಲ್ಲಿ ಹುಟ್ಟಿದ್ದಕ್ಕೆ ನಮಗೆ ಸಿಕ್ಕಿದ ಲಾಭ ಇದು. ಕನ್ನಡ ಮೀಡಿಯಮ್ಮಿನಲ್ಲಿ ಕಲಿತ ಹೆಚ್ಚಿನವರಿಗೆ ಮಲಯಾಳಂ ಮಾತಾಡಲು ಬರುತ್ತದೆ, ಓದುವುದು ಮಾತ್ರ ನಿಧಾನ. ಆ ನಿಧಾನವೇ ಬೇಕಾದದ್ದು. ವೇಗವಾಗಿ ನುಂಗಿ ಅಭ್ಯಾಸ ಆದ ಕಣ್ಣು ಮಲಯಾಳಂ ಅಕ್ಷರದ ಮುಂದೆ ತನ್ನಷ್ಟಕ್ಕೇ ಬ್ರೇಕ್ ಹಾಕುತ್ತದೆ. ನಾನು ಕೊಡುವುದು ಮಲಯಾಳಂ ಲೇಖಕ ವೈಕಂ ಮುಹಮ್ಮದ್ ಬಷೀರ್. ತೆಳು ಪುಸ್ತಕ, ಸಣ್ಣ ವಾಕ್ಯ, ಮನೆಮಾತು. 1959ರ ‘ಪಾತ್ತುಮ್ಮಯುಡೆ ಆಡ್’ನಲ್ಲಿ ಆಡು ಬಷೀರರದ್ದೇ ಪುಸ್ತಕಗಳನ್ನು ತಿಂದು ಹಾಕುತ್ತದೆ. ಲೇಖಕರ ಮೇಲೆ ಕೋಪ ಬಂದವರಿಗೆ ಅದಕ್ಕಿಂತ ಸಮಾಧಾನ ಬೇರೆ ಬೇಕಾ?

ಇನ್ನೊಂದು ದಾರಿ, ನಿಮ್ಮ ಲೇಖಕ ಎಲ್ಲಿಂದ ತಂದ ಅಂತ ಹುಡುಕಿಕೊಂಡು ಹೋಗುವುದು. ಪ್ರ್ಯಾಚೆಟ್‌ನ 1988ರ ‘ವಿರ್ಡ್ ಸಿಸ್ಟರ್ಸ್’ ನಿಂತಿರುವುದೇ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕದ ಮೇಲೆ. ಮೂವರು ಮಾಟಗಾತಿಯರು, ಕೊಲೆಯಾದ ರಾಜ, ಕೈಯ ರಕ್ತದ ಕಲೆ, ಎಲ್ಲವೂ ಅಲ್ಲಿಂದ ಬಂದು ತಲೆಕೆಳಗಾಗಿ ನಿಂತಿವೆ. ಮೂಲ ಗೊತ್ತಿಲ್ಲದೆ ಓದಿದರೆ ಅರ್ಧ ತಮಾಷೆ ಕೈತಪ್ಪುತ್ತದೆ. ಮ್ಯಾಕ್‌ಬೆತ್ ಅನ್ನು ಡಿ.ವಿ.ಜಿ. ಕನ್ನಡಕ್ಕೆ ತಂದಿದ್ದಾರೆ. ಮೊದಲು ಅದನ್ನು ಓದಿ, ಆಮೇಲೆ ‘ವಿರ್ಡ್ ಸಿಸ್ಟರ್ಸ್’ಗೆ ವಾಪಸು ಹೋಗಿ. 1995ರ ‘ಮಾಸ್ಕರೇಡ್’ಗೂ ಹೀಗೆಯೇ ಒಂದು ಮೂಲ ಉಂಟು, ಪ್ಯಾರಿಸ್ಸಿನ ಒಪೆರಾ ಮನೆಯ ಭೂತದ ಕಥೆ. ಹೀಗೆ ಓದುವಾಗ ನಿಮಗೆ ಮತ್ತೆ ಕಾಣುವುದು ಲೇಖಕನ ಕೈಯೇ. ಆದರೆ ಈ ಸಲ ಅದು ಎಂತ ಮಾಡ್ತಾ ಇದೆ ಅಂತ ನೋಡುವುದಕ್ಕೇ ಮಜಾ.

ಪುಸ್ತಕವೇ ಬೇಡ ಅನಿಸಿದರೆ ತಾಳಮದ್ದಳೆಗೆ ಹೋಗಿ, ವೇಷ ಕುಣಿತ ಇಲ್ಲದೆ ಕೂತು ಪದ್ಯ ಮತ್ತು ಮಾತಿನಲ್ಲೇ ಕಥೆ ನಡೆಸುವ ಯಕ್ಷಗಾನ ಅದು. ಇದು ಉಪಚಾರದ ಮಾತಲ್ಲ. ವಾಲಿ ಬಾಣ ತಿಂದು ಬೀಳುತ್ತಾನೆ ಅಂತ ಗೊತ್ತಿಲ್ಲದವರು ಆ ಸಭೆಯಲ್ಲಿ ಒಬ್ಬರೂ ಇರುವುದಿಲ್ಲ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದ ಪದ್ಯಗಳು ಅವೇ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ನ್ಯಾಯ ಅಂತ ವಾಲಿ ರಾಮನನ್ನು ಕೇಳುವುದೂ ಅದೇ. ಆದರೆ ಪದ್ಯ ಮುಗಿದ ಮೇಲೆ ಅರ್ಥ ಹೇಳುವವರು ಬೇರೆ, ಅವರು ಅಲ್ಲೇ ಕೂತು ಹುಟ್ಟಿಸುವ ಮಾತು ಬೇರೆ. ಎದುರಿಗೆ ರಾಮನಾಗಿ ಕೂತವರು ಚುರುಕಾಗಿದ್ದರೆ ವಾಲಿಯ ಪ್ರಶ್ನೆಯೇ ಬೇರೆ ದಾರಿ ಹಿಡಿಯುತ್ತದೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ನಮ್ಮ ಮಾವ ಈಗ ಯಾರ ವಾಲಿ ಕೇಳಿದರೂ ಅಲ್ಲಿಂದಲೇ ಅಳೆಯುವುದು. ಸಾವಿರ ಸಲ ಗೊತ್ತಿರುವ ಕಥೆಯನ್ನು ಜನ ಯಾಕೆ ಕೂತು ಕೇಳುತ್ತಾರೆ ಅಂತ ಒಂದು ರಾತ್ರಿ ಗಮನಿಸಿ ನೋಡಿ. ನಡುವೆ ತಿಂಗಳುಗಟ್ಟಲೆ ಬಿಡುವು ಇತ್ತು, ಮತ್ತೆ ಸ್ವರ ಬೇರೆಯವರದ್ದು. ಎರಡನ್ನೂ ನೀವು ಪುಸ್ತಕಕ್ಕೆ ಒಗ್ಗಿಸಿಕೊಳ್ಳಬಹುದು.

ಸ್ವರ ಬದಲಿಸಲು ಆಡಿಯೋ ಪುಸ್ತಕ ಸುಲಭ. ಡಿಸ್ಕ್‌ವರ್ಲ್ಡ್‌ಗೆ 2022ರಿಂದ ಬಂದ ಹೊಸ ಆಡಿಯೋಗಳಲ್ಲಿ ಹೆಚ್ಚು ಕಡಿಮೆ ಅರ್ಥಧಾರಿಗಳನ್ನು ಹಂಚಿದ ಹಾಗೆಯೇ ಮಾಡಿದ್ದಾರೆ. ಮಾಟಗಾತಿಯರ ಕಥೆಗಳನ್ನು ಓದಿದ್ದು ಇಂದಿರಾ ವರ್ಮಾ. ಸಾವು ಎಂಬ ಪಾತ್ರ ಮಾತಾಡುವಾಗ ಮಾತ್ರ ಪೀಟರ್ ಸೆರಾಫಿನೋವಿಚ್‌ರ ಸ್ವರ ಬರುತ್ತದೆ. ಅಡಿಟಿಪ್ಪಣಿಗಳನ್ನು ಓದುವವರು ಬ್ರಿಟನ್ನಿನ ಹೆಸರುವಾಸಿ ನಟ ಬಿಲ್ ನೈ! ಚೀಟಿಯಲ್ಲಿ ‘ಮತ್ತೆ ಅಡಿಟಿಪ್ಪಣಿ’ ಅಂತ ಬರೆದವರು ಇದನ್ನು ಕೇಳಲೇಬೇಕು. ಪುಟದ ಕೆಳಗೆ ಸಣ್ಣಕ್ಷರದಲ್ಲಿ ಕಿರಿಕಿರಿ ಮಾಡುತ್ತಿದ್ದದ್ದು ಈಗ ಬದಿಯಲ್ಲಿ ಕೂತ ಒಬ್ಬರು ಕಿವಿಯಲ್ಲಿ ಹೇಳಿದ ಹಾಗೆ ಇರುತ್ತದೆ. ಅಡಿಕೆ ಸುಲಿಯುತ್ತಾ ಕೇಳಲು ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಲೇಖಕ ನಿಜವಾಗಿ ಸೊರಗಿದ್ದರೆ

ಅದೂ ಆಗುತ್ತದೆ. ಎಲ್ಲ ತಪ್ಪನ್ನೂ ಓದುಗರ ತಲೆಗೆ ಕಟ್ಟುವುದು ಸರಿಯಲ್ಲ. ರಾಬರ್ಟ್ ಜೋರ್ಡನ್‌ನ ‘ವೀಲ್ ಆಫ್ ಟೈಮ್’ 1990ರಲ್ಲಿ ಶುರುವಾಗಿ 14 ದಪ್ಪ ಸಂಪುಟ ಆಯಿತು. 2003ರಲ್ಲಿ ಬಂದ ಹತ್ತನೆಯದರಲ್ಲಿ ಕಥೆ ಅಲ್ಲಾಡುವುದೇ ಇಲ್ಲ. ಅಲ್ಲಿ ಸಿಕ್ಕಿಬಿದ್ದವರು ಲೋಕದ ತುಂಬ ಇದ್ದಾರೆ. ನಮ್ಮ ರ‍್ಯಾಕಿನ ಪ್ರತಿಯಲ್ಲೂ ಯಾರೋ ನಡುವೆ ಇಟ್ಟ ಹಳೇ ಬಸ್ ಟಿಕೆಟ್ ಹಾಗೆಯೇ ಉಂಟು. ಜಡೆ ಎಳೆಯುವ, ಲಂಗ ಸರಿಮಾಡಿಕೊಳ್ಳುವ ಹೆಂಗಸರ ಬಗ್ಗೆ ನೀವು ಚೀಟಿಯಲ್ಲಿ ಬರೆದಿದ್ದರೆ ಈ ಸರಣಿಯದ್ದೇ ಇರಬೇಕು. ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಕೊನೆಯ ಮೂರು ಸಂಪುಟಗಳನ್ನು ಅವನ ಟಿಪ್ಪಣಿಗಳ ಆಧಾರದಲ್ಲಿ ಬ್ರಾಂಡನ್ ಸ್ಯಾಂಡರ್ಸನ್ ಮುಗಿಸಿದ, 2013ರಲ್ಲಿ. ಹತ್ತನೆಯದರಲ್ಲಿ ನಿಂತವರಿಗೆ ನನ್ನ ಸಲಹೆ ಸರಳ. ಆ ಸಂಪುಟದ ಸಾರಾಂಶ ಎಲ್ಲಾದರೂ ಓದಿ ಹನ್ನೊಂದಕ್ಕೆ ಹಾರಿ. ಪಾಪ ಏನೂ ಬರುವುದಿಲ್ಲ.

ಪ್ರ್ಯಾಚೆಟ್‌ನ ಕಥೆ ಬೇರೆ. 2007ರ ಡಿಸೆಂಬರಿನಲ್ಲಿ ತನಗೆ ಅಲ್‌ಝೈಮರ್ಸ್‌ನ ಅಪರೂಪದ ಒಂದು ಬಗೆ ಬಂದಿದೆ ಅಂತ ಅವನೇ ಹೇಳಿದ. ಟೈಪ್ ಮಾಡಲು ಆಗದೆ ಆಮೇಲೆ ಬಾಯಲ್ಲಿ ಹೇಳಿ ಬರೆಸಿದ. 2015ರ ಮಾರ್ಚಿನಲ್ಲಿ ತೀರಿಕೊಂಡ. ಕೊನೆಯ ಕೆಲವು ಪುಸ್ತಕಗಳಲ್ಲಿ ವಾಕ್ಯ ಬೇರೆ ಥರ ಇದೆ, ಪಾತ್ರಗಳು ಉದ್ದುದ್ದ ಮಾತಾಡುತ್ತವೆ ಅಂತ ನಿಮಗೆ ಅನಿಸಿದರೆ ಅದು ನಿಮ್ಮ ದಣಿವು ಮಾತ್ರ ಅಲ್ಲ. ಅವುಗಳನ್ನು ಹಿಂದಿನವುಗಳ ಬೆನ್ನಿಗೇ ಓದಬೇಡಿ. ಬೇರೆಯಾಗಿಯೇ ಇಟ್ಟು ಓದಿ. ಇನ್ನೊಂದು ವಿಷಯ. ಅವನು ಬರೆದು ಮುಗಿಸದೆ ಉಳಿದದ್ದೆಲ್ಲ ಇದ್ದ ಹಾರ್ಡ್ ಡಿಸ್ಕನ್ನು, ಅವನೇ ಹೇಳಿಟ್ಟಿದ್ದ ಹಾಗೆ, 2017ರಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಹಳೇ ಕಾಲದ ಸ್ಟೀಮ್ ರೋಲರಿನ ಅಡಿಗೆ ಹಾಕಿ ಜಜ್ಜಿದರು. ಹಾಗಾಗಿ 41 ಅಂದರೆ 41. ಮುಗಿಸುವ ಅವಸರ ಯಾಕೆ? ಒಂದನ್ನು ಓದದೆ ಬಿಟ್ಟಿರುವವರು ಎಷ್ಟೋ ಜನ ಇದ್ದಾರೆ. ನಾನೂ ಒಂದು ಬಿಟ್ಟಿದ್ದೇನೆ, ಯಾವುದು ಅಂತ ಹೇಳುವುದಿಲ್ಲ, ಹೇಳಿದರೆ ಅದರ ಕೊನೆ ಹೇಳಲು ನಾಲ್ಕು ಜನ ಮೇಜಿಗೆ ಬರುತ್ತಾರೆ.

ವಾಪಸು ಹೋಗುವಾಗ

ಹೆಚ್ಚಿನವರು ವಾಪಸು ಹೋಗುವಾಗ ತಮಗೆ ತುಂಬ ಇಷ್ಟವಾದದ್ದನ್ನೇ ತೆಗೆಯುತ್ತಾರೆ. ಬೇಡ. ಅದು ಚಪ್ಪೆ ಅನಿಸಿದರೆ ಬೇಜಾರು ಜಾಸ್ತಿ ಆಗುತ್ತದೆ. ಮೊದಲ ಪುಸ್ತಕವೂ ಬೇಡ. ಡಿಸ್ಕ್‌ವರ್ಲ್ಡ್‌ನ ಮೊದಲ ಎರಡು, ನನ್ನ ಅಭಿಪ್ರಾಯ ಕೇಳಿದರೆ, ಲೇಖಕ ಇನ್ನೂ ಕೈ ಕುದುರಿಸಿಕೊಳ್ಳುತ್ತಿದ್ದ ಕಾಲದ್ದು. ನೀವು ಓದದ ಬದಿಗೆ ಹೋಗಿ. ಈ ಲೋಕದೊಳಗೆ ಕಾವಲು ಪಡೆಯದ್ದು ಬೇರೆ ಕಥೆಗಳು, ಮಾಟಗಾತಿಯರದ್ದು ಬೇರೆ, ಸಾವಿನದ್ದು ಬೇರೆ. ಕಾವಲು ಪಡೆ ಸಾಕಾಗಿದ್ದವರು 1987ರ ‘ಮೋರ್ಟ್’ ತೆಗೆಯಲಿ. ಸಾವು ಒಬ್ಬ ಹುಡುಗನನ್ನು ಕೆಲಸ ಕಲಿಯಲು ಇಟ್ಟುಕೊಳ್ಳುವ ಕಥೆ, ತೆಳು ಪುಸ್ತಕ. ನೂರು ಪುಟ ಓದಿ ಚೀಟಿ ಖಾಲಿ ಇದ್ದು, ನಿದ್ದೆಯೂ ಬಂದಿರದಿದ್ದರೆ ನೀವು ಸರಿಯಾದಿರಿ ಅಂತ ತಿಳಿಯಿರಿ.

ಮಕ್ಕಳಿಗೆ ಜೋರಾಗಿ ಓದಿ ಹೇಳುವುದು ಇನ್ನೂ ಒಳ್ಳೆಯದು. ಅಕ್ಕನ ಮಗಳಿಗೆ ನಾನು ಇಂಗ್ಲಿಷ್ ಪುಸ್ತಕ ಹಿಡಿದು ಅಲ್ಲಲ್ಲೇ ಕನ್ನಡ ಮಾಡಿ ಹೇಳುತ್ತೇನೆ. ಕೆಲವು ಜೋಕು ಕನ್ನಡಕ್ಕೆ ಬರುವುದೇ ಇಲ್ಲ, ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. “ಚಿಕ್ಕಮ್ಮಾ, ಈಗ ಎಂತ ಬಿಟ್ಟದ್ದು?” ಅಂತ ಅವಳು ಹಿಡಿದೇ ಹಿಡಿಯುತ್ತಾಳೆ. ಕಣ್ಣು ದಾಟಿ ಹೋದ ಎಷ್ಟೋ ಸಾಲು ನಾಲಿಗೆ ಮೇಲೆ ಬಂದಾಗ ನಿಲ್ಲುತ್ತದೆ.

ವಾಪಸು ಹೋಗುವ ಮನಸ್ಸೇ ಇಲ್ಲದಿದ್ದರೆ ಹೋಗಬೇಡಿ. ಮನೆಯಲ್ಲಿ ಇಟ್ಟುಕೊಂಡು ಬೂಷ್ಟು ಹಿಡಿಸುವ ಬದಲು ಹತ್ತಿರದ ಗ್ರಂಥಾಲಯಕ್ಕೆ ಕೊಡಿ. ಕೊಡುವ ಮೊದಲು ಒಂದೆರಡು ಕೆಲಸ ಮಾಡಿ. ಸೆಪ್ಟೆಂಬರ್ ಬಿಸಿಲು ಬಂದ ಮೇಲೆ ತನ್ನಿ, ಜುಲೈಯಲ್ಲಿ ತಂದ ಪುಸ್ತಕ ಒಳಗೆ ಒದ್ದೆ ಇದ್ದರೆ ಕಪಾಟಿನ ಉಳಿದವೂ ಹಾಳು. ನೇರ ಬಿಸಿಲಿಗೆ ಹಾಕಬೇಡಿ, ಹಾಳೆ ಸುರುಳುತ್ತದೆ. ಜಗಲಿಯಲ್ಲಿ ಗಾಳಿಗೆ ಬಿಡಿಸಿಟ್ಟರೆ ಸಾಕು. ಬೆನ್ನಿನ ಗೋಂದಿನಲ್ಲಿ ಗೆದ್ದಲಿನ ಮಣ್ಣು ಇದೆಯಾ ನೋಡಿ. ಸರಣಿ ಆದರೆ ಬಿಡಿ ಬಿಡಿಯಾಗಿ ಕೊಡಬೇಡಿ, ಮೂರನೆಯದು ಇಲ್ಲದ ಸರಣಿಗೆ ಓದುಗರಿಂದ ಬಯ್ಗುಳ ಕೇಳುವುದು ನಾನು. ಮತ್ತೆ, ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತಂದರೂ ಪರವಾಗಿಲ್ಲ. ರ‍್ಯಾಕಿನಲ್ಲಿ ಅಕ್ಕಪಕ್ಕ ಇಡುವುದನ್ನು ನಾನು ಈಗ ನಿಲ್ಲಿಸಿದ್ದೇನೆ. ಎರಡು ಹೊರಗೆ, ಉಳಿದವು ಒಳಗಿನ ಕಪಾಟಿನಲ್ಲಿ, ಕೀಲಿ ನನ್ನ ಕೈಯಲ್ಲಿ.